ತುಕ್ಕು ಹಿಡಿಯದ ತಗಡು

"ಎಂತಕ್ಕೆ ಇಷ್ಟ್ ಸಕ್ಕರೆ ಸುರ್ದಿದ್ದೆ? ಇದು ಚಾವಾ, ಪಾನಕವಾ?" ಎಂದು ಮಾಸ್ತಮ್ಮ ಲೋಟವನ್ನು ಚಾಪೆಯಾಚೆ ತಳ್ಳಿದಳು.

"ಸಕ್ಕರೆ ಹಾಕ್ಲೇ ಇಲ್ಲ ಅಮ್ಮ," ಎಂದಳು ಮಗಳು ಪ್ರಣಿತಾ. "ಶುಗರ್ ಇದ್ದವ್ರಿಗೆ ನಾ ಸಕ್ಕರೆ ಹಾಕಿ ಕೊಡ್ತ್ನಾ?"

"ಹಂಗಾರೆ ಇದೆಂತ ಇದು? ನಿನ್ನೆಯಿಂದ ನೀರು ಕುಡಿದ್ರೂ ಸಿಹಿ, ಗಂಜಿ ಉಂಡ್ರೂ ಸಿಹಿ. ಬೆಲ್ಲದ ಸಿಹಿ ಅಲ್ಲ. ಕಬ್ಬಿಣ ನೆಕ್ಕಿದಂಗೆ ಒಂದ್ ನಮೂನಿ ಸಿಹಿ."

ಹೊಸ್ತಿಲ ಮೇಲೆ ಕುಳಿತು ಚಪ್ಪಲಿಯ ಮರಳು ಕೊಡವುತ್ತಿದ್ದ ಮಾಸ್ತಮ್ಮನ ತಮ್ಮ ದಿನಕರನ ಕೈ ಅಲ್ಲಿಯೇ ನಿಂತಿತು. ಅಕ್ಕನಿಗೆ ಜ್ವರವೆಂದು ಪ್ರಣಿತಾ ಫೋನು ಮಾಡಿದ್ದಕ್ಕೆ ಬೆಳಿಗ್ಗೆ ಎದ್ದವನೇ ಹೊನ್ನಾವರದಿಂದ ಭಟ್ಕಳಕ್ಕೆ ಬೈಕು ಹತ್ತಿದ್ದ. ಹೆದ್ದಾರಿಯುದ್ದಕ್ಕೂ ಮಲೇರಿಯಾವೋ, ಡೆಂಗಿಯೋ, ಮಂಗನ ಕಾಯಿಲೆಯೋ ಎಂದು ಒಂದೊಂದನ್ನೇ ನೆನೆದು ಹೆದರುತ್ತ ಬಂದವನಿಗೆ ಈ ಸಿಹಿಯೊಂದು ಹೊಳೆದಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ವೆಲ್ಡಿಂಗ್ ಮಾಡಿಕೊಂಡಿರುವ ಮನುಷ್ಯನಿಗೆ ಅದು ಯಾವ ಸಿಹಿ ಎಂದು ಯಾರೂ ಬಂದು ಹೇಳಿಕೊಡಬೇಕಾಗಿರಲಿಲ್ಲ.

"ಜ್ವರ ಯಾವ ಹೊತ್ತಿಗೆ ಬರ್ತದೆ ಅಕ್ಕ?"

"ಸಂಜೆ ಅಂಗಡಿ ಮುಚ್ಚಿ ಬಂದ್ಮೇಲೆ. ನಡುಕ ಅಂದ್ರೆ ನಡುಕ, ಕಂಬಳಿ ಮೇಲೆ ಕಂಬಳಿ ಹೊದ್ರೂ ಸಾಲೂದಿಲ್ಲ. ಬೆಳಿಗ್ಗೆ ಎದ್ರೆ ಎಂತದೂ ಇಲ್ಲ, ಕೆಮ್ಮು ಒಂದು ಬಿಟ್ಟು."

"ರಕ್ತ ನೋಡಿದ್ರು ಮಾವ," ಎಂದಳು ಪ್ರಣಿತಾ. "ಮಲೇರಿಯಾ ಅಲ್ಲ ಅಂದ್ರು ಡಾಕ್ಟ್ರು. ಮೂರ್ ದಿನದಿಂದ ಇದೇ ಕಥೆ."

"ಅಂಗಡೀಲಿ ಒಲೆ ಹಚ್ಚೂಕೆ ಶುರು ಮಾಡಿ ಎಷ್ಟ್ ದಿನ ಆತು?"

"ಅದೂ ಮೂರೇ. ಯಾಕೆ ಮಾವ?"

"ಅಂಗಡಿ ಒಂಚೂರು ಕಂಡ್ ಬರ್ತೆ" ಎಂದು ದಿನಕರ ಎದ್ದ. ಚಪ್ಪಲಿ ಮೆಟ್ಟಲೂ ಮರೆತು ಅಂಗಳ ದಾಟಿದ.

ಒಲೆಯೆಂದರೆ ಗ್ಯಾಸ್ ಗ್ರಿಲ್ಲು. ಮಾಸ್ತಮ್ಮನ ಬಾಯಲ್ಲಿ ಅದು ಮಸ್ಕತ್ ಒಲೆ. ಅವಳು ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಕೊಟ್ಟ ಮನೆಗಳಲ್ಲಿ ನರ್ಮದಾಬಾಯಿಯ ಮನೆಯೂ ಒಂದು. ಅವರ ಯಜಮಾನರು ಮಸ್ಕತ್ತಿನಿಂದ ಬರುವಾಗ ಹಡಗಿನಲ್ಲಿ ಹಾಕಿಸಿಕೊಂಡು ಬಂದ ಗ್ರಿಲ್ಲು ಅದು. ಅವರು ತೀರಿಹೋದ ಮೇಲೆ ಹಿತ್ತಲಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಮಾಸ್ತಮ್ಮನ ಮಂಡಿ ಸವೆದು, ಬುಟ್ಟಿ ಹೊರಬೇಡಿ ಎಂದು ಡಾಕ್ಟರು ಹೇಳಿದಾಗ ನರ್ಮದಾಬಾಯಿಯೇ "ಇದನ್ನ ತಕೊಂಡ್ ಹೋಗು ಮಾಸ್ತಿ, ಜಾಲಿ ಬೀಚಲ್ಲಿ ಮೀನು ಸುಟ್ಟು ಕೊಡು. ಜನ ಬರ್ತಾರೆ" ಎಂದಿದ್ದರು. ಮನೆ ಮನೆಗೆ ಮೀನು ಹೊತ್ತವಳು ಇನ್ನು ಒಂದೇ ಕಡೆ ನಿಲ್ಲಬಹುದು, ಜನರೇ ನಡೆದು ಬರುತ್ತಾರೆ ಎನ್ನುವುದು ಅವಳಿಗೆ ನಂಬಲಾಗದಷ್ಟು ದೊಡ್ಡ ಮಾತಾಗಿತ್ತು.

ಗ್ರಿಲ್ಲು ಗೂಡ್ಸ್ ರಿಕ್ಷಾ ಹತ್ತಿ ಹೊನ್ನಾವರದ ದಿನಕರನ ವರ್ಕ್‌ಶಾಪಿಗೆ ಬಂದಿಳಿದಾಗ ಅದರ ಅವಸ್ಥೆ ನೋಡಿ ಅವನಿಗೆ ನಗು ಬಂದಿತ್ತು. ಬರ್ನರಿನ ಪೈಪುಗಳು ಸುಟ್ಟು ತೂತು ಬಿದ್ದು, ಬೆಂಕಿ ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ಏಳುತ್ತಿತ್ತು. ಬರ್ನರಿನ ಮೇಲೆ, ಮೀನಿನ ಎಣ್ಣೆ ನೇರ ಬೆಂಕಿಗೆ ಬೀಳದಂತೆ ಮನೆಯ ಮಾಡಿನ ಹಾಗೆ ಮಡಿಸಿ ಇಡುವ ನಾಲ್ಕು ತಗಡುಗಳಂತೂ ಕಾವಿಗೆ ಸೊಟ್ಟಾಗಿ, ತುಕ್ಕು ತಿಂದು, ಹಿಡಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಬರ್ನರಿಗೆ ಸ್ಟೀಲ್ ಪೈಪು ತಂದು ಒಂದೊಂದೇ ತೂತು ಕೊರೆದು ಕೂಡಿಸಿದ. ತಗಡಿನ ವಿಷಯ ಬಂದಾಗ ಅಕ್ಕ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಕಡಲ ಬುಡದಲ್ಲಿ ಇರೂದು ಮಾರಾಯಾ. ತುಕ್ಕು ಹಿಡಿಯದ್ದು ಹಾಕು."

ಈ ಕರಾವಳಿಯಲ್ಲಿ ತುಕ್ಕು ಹಿಡಿಯದ್ದು ಎಂದರೆ ಯಾರ ಬಾಯಲ್ಲೂ ಬರುವುದು ಜಿ.ಐ. ತಗಡು. ಉಪ್ಪುಗಾಳಿಗೆ ಗೇಟು, ಗ್ರಿಲ್ಲು, ಕಿಟಕಿ ಸರಳು ಯಾವುದೂ ಉಳಿಯುವುದಿಲ್ಲ. ಸತುವಿನ ಲೇಪ ಹಾಕಿದ ಜಿ.ಐ. ಒಂದೇ ಉಳಿಯುತ್ತದೆ. ದಿನಕರ ಅದನ್ನೇ ಗಿರಾಕಿಗಳಿಗೆ ಮಂತ್ರದ ಹಾಗೆ ಹೇಳುತ್ತ ಬಂದವನು. ನೀರಿನ ಟ್ಯಾಂಕಿನ ಕೆಲಸಕ್ಕೆ ತಂದು ಎತ್ತಿಟ್ಟ ದಪ್ಪ ತಗಡೊಂದಿತ್ತು. ಅಕ್ಕನಿಗಲ್ಲದೆ ಇನ್ನಾರಿಗೆ ಎಂದು ಅದನ್ನೇ ಕತ್ತರಿಸಿದ, ಮಡಿಸಿದ, ಅಂಚು ಕೈಗೆ ತಾಗದಂತೆ ಉಜ್ಜಿದ. ಎರಡು ನಿಮಿಷ ಗ್ಯಾಸು ಹಚ್ಚಿ ನೋಡಿದ. ನೀಲಿ ಬೆಂಕಿ ಒಂದೇ ಎತ್ತರದಲ್ಲಿ ಸಾಲಾಗಿ ಎದ್ದಿತು. ಹೊಸ ತಗಡು ಬೆಳ್ಳಿಯ ಹಾಗೆ ಹೊಳೆಯಿತು. ಬೆಂಕಿ ನೋಡಿದನೇ ಹೊರತು ಬೆಂಕಿಯ ಮೇಲೆ ಏನಿಟ್ಟಿದ್ದೇನೆಂದು ನೋಡಲಿಲ್ಲ.

ಜಿ.ಐ.ಗೆ ಬೆಸುಗೆ ಹಾಕುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಸತುವಿನ ಬಿಳಿ ಹೊಗೆ ಕುಡಿಯಬೇಡಿ ಎಂದು ಕೆಲಸದವರಿಗೆ ದಿನಾ ಬೈಯುವವನೂ ಅವನೇ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ. ವೆಲ್ಡಿಂಗಿನ ಹೊಗೆ ವರ್ಕ್‌ಶಾಪಿನದು, ಒಲೆಯ ಹೊಗೆ ಅಡುಗೆಮನೆಯದು. ಎರಡೂ ಒಂದೇ ಆಗಬಹುದೆಂದು ಅವನಿಗೆ ಹೊಳೆಯಲೇ ಇಲ್ಲ.

ಅಂಗಡಿಯೆಂದರೆ ಗಾಳಿಮರಗಳ ನಡುವೆ ನಾಲ್ಕು ಕಂಬ, ಮೇಲೊಂದು ಮಾಡು. ಆದರೆ ಅವನು ಎಣಿಸಿದಂತೆ ಅದು ತೆರೆದಿರಲಿಲ್ಲ. ಮೂರೂ ಕಡೆ ನೀಲಿ ಟಾರ್ಪಾಲು ಬಿಗಿದು, ಮುಂದೆ ಮೀನು ಕೊಡುವಷ್ಟು ಕಿಂಡಿ ಮಾತ್ರ ಬಿಟ್ಟಿದ್ದರು.

"ಇದೆಂತಕ್ಕೆ ಕಟ್ಟಿದ್ದು?" ಹಿಂದೆಯೇ ಓಡಿಬಂದ ಪ್ರಣಿತಾಳನ್ನು ಕೇಳಿದ.

"ಗಾಳಿಗೆ ಬೆಂಕಿ ನಂದಿ ಹೋಗ್ತಿತ್ತು. ಅಮ್ಮನೇ ಕಟ್ಸಿದ್ದು."

ದಿನಕರ ಒಳಗೆ ಹೋಗಿ ಜಾಲರಿ ಎತ್ತಿದ. ತಗಡಿನ ಬೆಳ್ಳಿ ಹೊಳಪು ಹೋಗಿತ್ತು. ಬೆಂಕಿ ತಾಗುವ ನಡುಭಾಗದಲ್ಲಿ ಲೇಪ ಬೆಂದು, ಸಿಪ್ಪೆಯೆದ್ದು, ಮೇಲೆಲ್ಲ ಬಿಳಿಯ ಹುಡಿ ಕೂತಿತ್ತು. ಬೆರಳಿಟ್ಟರೆ ಮುಖದ ಪೌಡರಿನಷ್ಟು ನಯ. ಮುಚ್ಚಳದ ಒಳಮೈಗೂ ಅದೇ ಹುಡಿ. ಕತ್ತೆತ್ತಿ ನೋಡಿದರೆ ಟಾರ್ಪಾಲಿನ ಮಡಿಕೆಗಳಲ್ಲೂ ಅದೇ. ಗ್ರಿಲ್ಲಿನ ಹಿಡಿಯನ್ನೇ ಗಟ್ಟಿಯಾಗಿ ಹಿಡಿದು ನಿಂತ.

"ಅದು ಉಪ್ಪು ಮಾವ," ಎಂದಳು ಪ್ರಣಿತಾ ಸಮಾಧಾನದ ದನಿಯಲ್ಲಿ. "ಕಡಲ ಗಾಳಿಗೆ ಉಪ್ಪು ಕೂತದ್ದು ಅಂದಳು ಅಮ್ಮ. ದಿನಾ ಒಲೆ ಹಚ್ಚೂ ಮೊದ್ಲು ಅವಳೇ ಸೆರಗಲ್ಲಿ ಒರ್ಸ್ತಿದ್ಳು."

"ಒರ್ಸಿ?"

"ಒರ್ಸಿ, ಮೂಲೆಯಲ್ಲಿ ಉಳ್ದದ್ದನ್ನ ಬಾಯಿ ಹಾಕಿ ಊದ್ತಿದ್ಳು."

ದಿನಕರ ಕಣ್ಣು ಮುಚ್ಚಿದ. ತನ್ನ ಕೈಯಿಂದ ಅಳತೆ ಹಿಡಿದು, ತನ್ನ ಕೈಯಿಂದ ಮಡಿಸಿ, ಅಕ್ಕನ ಮೂಗಿನ ಬುಡಕ್ಕೇ ಕೊಂಡುಹೋಗಿ ಇಟ್ಟಿದ್ದ. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು, ಅವಳಿಗೆ ಹದಿನೇಳು. ಅಂದಿನಿಂದ ಅವನಿಗೆ ಅನ್ನ ಹಾಕಿದ ಕೈ ಅವಳದು. ನಾಲ್ಕೂ ತಗಡನ್ನು ಕಿತ್ತು ಕಂಕುಳಲ್ಲಿ ಇರುಕಿಕೊಂಡ. ಅಂಚು ಉಜ್ಜಿದ್ದರಿಂದ ಕೈ ಕೊಯ್ಯಲಿಲ್ಲ. ಕೊಯ್ದಿದ್ದರೆ ಒಳ್ಳೆಯದಿತ್ತು ಎನಿಸಿತು.

ಮನೆಗೆ ಬಂದಾಗ ಮಾಸ್ತಮ್ಮ ಎದ್ದು ಕೂತು ಕೂದಲು ಗಂಟು ಹಾಕಿಕೊಳ್ಳುತ್ತಿದ್ದಳು. ತಮ್ಮನ ಮುಖ ನೋಡಿದಳು, ಕಂಕುಳಲ್ಲಿದ್ದ ತಗಡು ನೋಡಿದಳು.

"ಅದನ್ನ ಎಂತಕ್ಕೆ ಕಿತ್ಕಂಡ್ ಬಂದೆ? ಇವತ್ತು ಆಯ್ತವಾರ, ಜನ ಬರ್ತಾರೆ."

"ಇವತ್ತು ಬ್ಯಾಡ ಅಕ್ಕ."

"ಜ್ವರ ಬಿಟ್ಟದೆ ಮಾರಾಯಾ. ಸಂಜೆಗೆ ಬಂದ್ರೆ ಕಂಡ್ರಾತು."

ದಿನಕರ ಗೋಡೆಗೆ ಒರಗಿ ಕೂತ. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ತಗಡನ್ನು ನೆಲದ ಮೇಲೆ ಇಡಲು ಹೋಗಿ, ಮತ್ತೆ ಎತ್ತಿಕೊಂಡು ಹೊರಗಿನ ಕಟ್ಟೆಯ ಮೇಲಿಟ್ಟು ಬಂದ. ಮಾಸ್ತಮ್ಮ ಅದನ್ನೆಲ್ಲ ನೋಡುತ್ತಲೇ ಇದ್ದಳು. ಮೀನು ಮಾರಿದವಳ ಕಣ್ಣು ಅದು. ಹಳತು ಯಾವುದು ತಾಜಾ ಯಾವುದು ಎಂದು ಯಾರೂ ಹೇಳಬೇಕಿಲ್ಲ.

"ದಿನಕರಾ," ಎಂದಳು ಮೆಲ್ಲಗೆ. "ನಿಂಗೂ ಒಂದ್ ಸಲ ಹೀಂಗೇ ಆಗಿತ್ತಲ್ಲ? ಆ ರಮಾನಂದ ಮೇಸ್ತ್ರಿ ಹತ್ರ ಕೆಲಸ ಕಲೀತಿದ್ಯಲ್ಲ, ಆಗ."

ಅವನಿಗೆ ತಲೆ ಎತ್ತಲಾಗಲಿಲ್ಲ. ಮರೆತಿರುತ್ತಾಳೆ ಎಂದುಕೊಂಡಿದ್ದ. ಮುಚ್ಚಿದ ಕೋಣೆಯಲ್ಲಿ ಇಡೀ ದಿನ ಜಿ.ಐ. ಪೈಪಿಗೆ ಬೆಸುಗೆ ಹಾಕಿ ಬಂದು, ಹೀಗೇ ಚಾಪೆಯ ಮೇಲೆ ಹಲ್ಲು ಕಟಕಟಿಸುತ್ತ ಮಲಗಿದ್ದ. ಅಕ್ಕ ಹಣೆಗೆ ಒದ್ದೆ ಬಟ್ಟೆ ಹಾಕಿ, ಇಡಗುಂಜಿ ಗಣಪತಿಗೆ ಹರಕೆ ಹೇಳಿಕೊಂಡು, ಅವನು ನೀರು ಕೂಡ ಸಿಹಿ ಎಂದು ಉಗುಳಿದಾಗ ಅತ್ತಿದ್ದಳು. ಮರುದಿನ ಮೇಸ್ತ್ರಿ ಬಂದು, "ಏನಿಲ್ಲ ತಂಗಿ, ಸತುವಿನ ಹೊಗೆ ಕುಡಿದಿದ್ದಾನೆ, ಹಾಲು ಬೆಲ್ಲ ಕೊಡು" ಎಂದು ನಕ್ಕಿದ್ದ. ಆದರೂ ಅವಳು ಇಡಗುಂಜಿಗೆ ಹೋಗಿ ಹರಕೆ ತೀರಿಸಿಯೇ ಬಂದಿದ್ದಳು.

"ಅದೇ ಅಕ್ಕ," ಎಂದ. "ಅದೇ ಹೊಗೆ. ಆ ತಗಡು ಬೆಂಕಿಗೆ ಇಡೂದಲ್ಲ. ಊರಿಗೆಲ್ಲ ಹೇಳೂ ನಂಗೆ ಗೊತ್ತಿರ್ಬೇಕಿತ್ತು. ನಾನೇ ಮಾಡದ್ದು. ನಾನೇ."

ಮಾಸ್ತಮ್ಮ ಬೈಯುತ್ತಾಳೆ ಎಂದು ದಿನಕರ ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕೈಬೆರಳು ನೋಡಿಕೊಂಡಳು, ಸೆರಗಿನ ತುದಿ ಎತ್ತಿ ನೋಡಿದಳು. ಅಲ್ಲಿ ಇನ್ನೂ ಬಿಳಿ ಹುಡಿ ಅಂಟಿತ್ತು.

"ತಿಂದವ್ರಿಗೆ?" ಎಂದಳು.

"ಹೊಗೆ ಕುಡಿದವ್ರಿಗೇ ಹೆಚ್ಚು ಅಕ್ಕ. ದೊಡ್ಡವ್ರಿಗೆ ಎರಡ್ ದಿನಕ್ಕೆ ಬಿಡ್ತದೆ. ನಿನ್ನನ್ನ ಮತ್ತೆ ಡಾಕ್ಟ್ರ ಹತ್ರ ಕರ್ಕಂಡ್ ಹೋಗ್ತೆ, ಇದೇ ವಿಷಯ ಹೇಳ್ತೆ."

"ನನ್ನ ಬಿಡು. ಸಣ್ಣವ್ರಿಗೆ?"

ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದ.

"ಚಂದನಾ," ಎಂದಳು ಮಾಸ್ತಮ್ಮ. "ನರ್ಮದಾಬಾಯಿ ಮೊಮ್ಮಗಳು. ನಾಲ್ಕು ವರ್ಷದ ಕೂಸು. ಮೊನ್ನೆ ಸಂಜೆ ಅಜ್ಜನ ಒಲೆ ಕಾಣ್ಬೇಕು ಅಂತ ಬಂದಿತ್ತು. ಗಾಳಿ ಜೋರಿತ್ತು ಅಂತ ನಾನೇ ಟಾರ್ಪಾಲಿನ ಒಳಗೆ ಕರ್ದು ಕೂರ್ಸ್ಕಂಡೆ. ನನ್ನ ಕೈಯಿಂದ್ಲೇ ಮುಳ್ಳು ತೆಗ್ದು ಬಾಯಿಗೆ ಇಟ್ಟೆ. ಬಂದವ್ರಿಗೆಲ್ಲ ಹೇಳ್ತಿದ್ದೆ ಮಾರಾಯಾ, ಇದು ನನ್ನ ತಮ್ಮ ಮಾಡದ್ದು, ಎಂದೂ ತುಕ್ಕು ಹಿಡಿಯೂದಿಲ್ಲ ಅಂತ."

ಹಾಗೆಂದು ಗೋಡೆ ಹಿಡಿದು ಎದ್ದಳು. ಆ ಸೀರೆಯನ್ನು ಬಿಚ್ಚಿ ಮೂಲೆಗೆಸೆದು ಬೇರೆ ಉಟ್ಟು ಬಂದಳು. ಫೋನು ಮಾಡಿದರಾಯಿತು ಎಂದು ಪ್ರಣಿತಾ ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಫೋನಲ್ಲಿ ಹೇಳೂ ಮಾತಾ ಅದು? ಬಾ ದಿನಕರಾ. ಆ ತಗಡೂ ತಕೋ. ನಾ ಕರೀತೆ, ನೀ ಹೇಳು."

"ನೀ ಬರೂದ್ ಬ್ಯಾಡ ಅಕ್ಕ. ನಡೀಲಿಕ್ಕೆ ಆಗ್ತಾ ನಿಂಗೆ?"

"ಆ ಮನೆಗೆ ಮೂವತ್ತು ವರ್ಷ ನಡ್ದಿದ್ದೆ," ಎಂದಷ್ಟೇ ಹೇಳಿ ಅಂಗಳಕ್ಕಿಳಿದಳು.

ಬೈಕಿನಲ್ಲಿ ಕೂರು ಎಂದರೂ ಕೂರಲಿಲ್ಲ. ಅವಳು ಮುಂದೆ, ತಗಡು ಹಿಡಿದ ಅವನು ಹಿಂದೆ. ಸಣ್ಣವನಿದ್ದಾಗ ಶಾಲೆಗೆ ರಜೆಯಿದ್ದ ದಿನ ಅವಳ ಬುಟ್ಟಿಯ ಹಿಂದೆ ಹೀಗೇ ನಡೆದಿದ್ದ. ಬಿಸಿಲು ಏರಿತ್ತು. ದಾರಿಯಲ್ಲಿ ಎರಡು ಸಲ ಅವಳು ಕೆಮ್ಮಿ ನಿಂತಳು. ಬೆಲ್ಲ ಬಿಟ್ಟು ಹಾಲಾದರೂ ಕೊಡಬೇಕಿತ್ತು ಎಂದು ಅವನಿಗೆ ಆಗ ನೆನಪಾಯಿತು. ಇಷ್ಟು ಹೊತ್ತು ಅದೂ ಹೊಳೆದಿರಲಿಲ್ಲ.

ನರ್ಮದಾಬಾಯಿಯ ಗೇಟಿನ ಮುಂದೆ ಅವಳು ನಿಂತಳು. ಬೆಲ್ಲು ಇತ್ತು, ಅವಳು ಎಂದೂ ಒತ್ತಿದವಳಲ್ಲ. ಈ ಗೇಟಿನ ಮುಂದೆ ನಿಂತು "ಮೀನೂ..." ಎಂದು ಅವಳು ಎಳೆದು ಕೂಗಿದರೆ ಓಣಿಯ ಬೆಕ್ಕುಗಳೆಲ್ಲ ಎದ್ದು ಬರುತ್ತಿದ್ದವು. ಇಂದು ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಕೊನೆಗೆ ದಿನಕರನೇ ಚಿಲಕ ಬಡಿದ.

ಒಳಗೆ ಯಾರೋ ಬರುವ ಸದ್ದಾಯಿತು. ಸಣ್ಣ ಹೆಜ್ಜೆಗಳೋ ದೊಡ್ಡವೋ ತಿಳಿಯಲಿಲ್ಲ. ಬಾಗಿಲು ತೆರೆಯುವಾಗ ಮಾಸ್ತಮ್ಮನ ಬಲಗೈ ತಾನಾಗಿ ಮೇಲೆದ್ದು, ತಲೆಯ ಮೇಲೆ ಇಲ್ಲದ ಬುಟ್ಟಿಯನ್ನು ಹಿಡಿದುಕೊಂಡಿತು.