ಗಿಣ್ಣಿನ ಏಳು ದಿನ

ಆ ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಅದೂ ಅವರಿಗೆ ಪುಕ್ಕಟೆ ಜಾಹೀರಾತು. ನನ್ನಿಂದ ಅವರಿಗೆ ಪುಕ್ಕಟೆಯಾಗಿ ಹೋದದ್ದು ಈಗಾಗಲೇ ಸಾಕಷ್ಟಿದೆ.

ನಾನು ಬಿಂದುಶ್ರೀ. ನಮ್ಮದು ರಾಜಘಟ್ಟದಿಂದ ಆಚೆ ಮೂರು ಮೈಲಿ ದೂರದ ಊರು. ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮುಗಿಸಿ ಯಲಹಂಕದ ಒಂದು ಸಣ್ಣ ಕಂಪನಿಯಲ್ಲಿ ಹದಿನಾಲ್ಕು ತಿಂಗಳು ಕೆಲಸ ಮಾಡಿದೆ. ದಿನಾ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಓಡಿದೆ. ಒಂದು ಸೋಮವಾರ ಆಫೀಸಿನಲ್ಲಿ ಲ್ಯಾಪ್‌ಟಾಪ್ ತೆರೆದರೆ ಅದು ನನ್ನ ಪಾಸ್‌ವರ್ಡ್ ತೆಗೆದುಕೊಳ್ಳಲಿಲ್ಲ. ಕಂಪನಿ ಮುಚ್ಚಿದೆ ಎಂದು ನಮಗೆ ಹೇಳಿದವನು ಗೇಟಿನ ಸೆಕ್ಯುರಿಟಿ. ಪಾಪ, ಅವನಿಗೂ ಆಗಷ್ಟೇ ಗೊತ್ತಾಗಿತ್ತು.

ಅಲ್ಲಿಂದ ಶುರುವಾಯಿತು ಕೆಲಸ ಹುಡುಕುವ ಕೆಲಸ. ಅರ್ಜಿಯನ್ನು ಮೊದಲು ಮನುಷ್ಯರು ಓದುವುದಿಲ್ಲ, ಮೆಷಿನ್ ಓದುತ್ತದಂತೆ. ಮೆಷಿನ್ ಒಪ್ಪಿದರೆ ಯಾರೋ ಫೋನ್ ಮಾಡಿ, "ನಮಗೆ ಎರಡು ವರ್ಷದ ಅನುಭವ ಬೇಕಿತ್ತು, ನಿಮ್ಮದು ಒಂದು ವರ್ಷ ಎರಡು ತಿಂಗಳು" ಎನ್ನುತ್ತಾರೆ. ನನ್ನ ಅರ್ಜಿಯ ಮೊದಲ ಸಾಲಿನಲ್ಲೇ ಅದಿದೆಯಲ್ಲ ತಾಯಿ, ಅದನ್ನು ಹೇಳುವುದಕ್ಕೆ ಫೋನ್ ಯಾಕೆ? ಎಲ್ಲರಿಗೂ ಅನುಭವ ಬೇಕು, ಆ ಅನುಭವವನ್ನು ಕೊಡುವವರು ಮಾತ್ರ ಯಾರೂ ಇಲ್ಲ. ನಾನು ಅದನ್ನು ದೊಡ್ಡಬಳ್ಳಾಪುರದ ಸಂತೆಯಿಂದ ತೂಗಿಸಿಕೊಂಡು ಬರಲೇ?

ಅಮ್ಮನ ತಮ್ಮ ವಾರಕ್ಕೊಮ್ಮೆ ಫೋನ್ ಮಾಡಿ, ದಾಬಸ್‌ಪೇಟೆಯ ಗೋಡೌನ್‌ನಲ್ಲಿ ಡಬ್ಬ ಸ್ಕ್ಯಾನ್ ಮಾಡುವ ಕೆಲಸವಿದೆ, ಅದೂ ಕಂಪ್ಯೂಟರ್ ಕೆಲಸವೇ ಎನ್ನುತ್ತಿದ್ದರು. ಅಮ್ಮ ಮಾತ್ರ, "ಯುಗಾದಿವರ್ಗೂ ನೋಡ್ಲಿ ಬಿಡು" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು. ಯುಗಾದಿ ಬಂತು, ಹೋಯಿತು. ಅಮ್ಮ ಗೌರಿ ಹಬ್ಬ ಎಂದಳು.

ಅಷ್ಟರಲ್ಲಿ ಆ ಕಂಪನಿಯಿಂದ ಕರೆ ಬಂತು. ಹಳ್ಳಿಗಳ ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಮಾಡುವವರು. ಹರ್ಷಿತ ಎಂಬ ಎಚ್.ಆರ್. ಮೇಡಂ ಬಹಳ ಸಿಹಿಯಾಗಿ ಮಾತಾಡಿದರು. ಒಂದೇ ಒಂದು ಅಸೈನ್‌ಮೆಂಟ್ ಅಂತೆ. ಎಂಟು ದಿನದಲ್ಲಿ ಡೇರಿಗೆ ಬೇಕಾಗುವ ಒಂದು ಆ್ಯಪ್ ಮಾಡಿ ಕಳಿಸಬೇಕು, ಎಷ್ಟು ನೈಜವಾಗಿದ್ದರೆ ಅಷ್ಟು ಒಳ್ಳೆಯದು.

ನಾನು ಕುಣಿದಾಡಿಬಿಟ್ಟೆ. ಮೂರನೇ ಕ್ಲಾಸಿನಿಂದ ಡೇರಿಗೆ ಹಾಲಿನ ಕ್ಯಾನ್ ಹೊತ್ತವಳು ನಾನು. ಎಂಟು ದಿನವೂ ಮೈಮುರಿದು ಬರೆದೆ. ಸದಸ್ಯರ ಪಟ್ಟಿ, ಎರಡು ಹೊತ್ತಿನ ಹಾಲು, ಫ್ಯಾಟು, ಹಾಲಿನ ಗಟ್ಟಿತನ ತೋರಿಸುವ ಡಿಗ್ರಿ ಎಲ್ಲ ಬಂತು. ಪರದೆಗೆ ನಮ್ಮ ಡೇರಿಯ ಬಾಗಿಲಿನದೇ ಹಸಿರು ಬಣ್ಣ ಹಾಕಿದೆ. ಪರೀಕ್ಷೆಗೆಂದು ಒಂದು ಹೆಸರು ಬೇಕಿತ್ತು, ಅಮ್ಮನದನ್ನೇ ಅವಳ ಸದಸ್ಯ ಸಂಖ್ಯೆಯ ಸಮೇತ ಹಾಕಿದೆ. ಜೊತೆಗೆ ‘ಗಿ’ ಎಂಬ ಒಂದು ಬಟನ್ ಇಟ್ಟೆ.

ಅದರ ಕಥೆ ಹೇಳಬೇಕು. ನಮ್ಮ ಡೇರಿಯಲ್ಲಿ ವರ್ಷಕ್ಕೆ ಇಷ್ಟು ದಿನ ಎಂದು ಹಾಲು ಹಾಕದಿದ್ದರೆ ಸರ್ವಸದಸ್ಯರ ಸಭೆಯಲ್ಲಿ ಕೈ ಎತ್ತುವ ಹಾಗಿಲ್ಲ. ಆದರೆ ಹಸು ಕರು ಹಾಕಿದ ಮೊದಲ ದಿನಗಳಲ್ಲಿ ಹಾಲು ಕಾಯಿಸಿದರೆ ಒಡೆದು ಗಿಣ್ಣಾಗುತ್ತದೆ, ಡೇರಿಗೆ ಹಾಕುವಂತಿಲ್ಲ. ಒಂದೇ ಹಸು ಇರುವವರು ಏನು ಮಾಡಬೇಕು? ಅದಕ್ಕೆ ನಮ್ಮ ಸೆಕ್ರೆಟರಿ ಕೆಂಪರಾಜಣ್ಣ ತಮ್ಮದೇ ಒಂದು ಕಾನೂನು ಮಾಡಿದ್ದಾರೆ. ಮನೆಯವರು ಒಂದು ಡಬ್ಬಿ ಗಿಣ್ಣು ತಂದುಕೊಡಬೇಕು. ಅವರು ತಿಂದು, ಕೈ ಒರೆಸಿಕೊಂಡು, ಪೆನ್ಸಿಲ್ ತೆಗೆದು ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದಿನ ಏಳು ಮನೆಗಳಲ್ಲಿ ‘ಗಿ’ ಎಂದು ಬರೆಯುತ್ತಾರೆ. ಆ ಏಳು ದಿನ ಗೈರು ಎಂದು ಲೆಕ್ಕವಿಲ್ಲ. ಗಿಣ್ಣು ತಿನ್ನದೆ ‘ಗಿ’ ಬರೆದ ದಾಖಲೆಯೂ ಇಲ್ಲ.

ಎಲ್ಲ ಡೇರಿಯಲ್ಲೂ ಹೀಗೇ ಎಂದುಕೊಂಡಿದ್ದೆ ನಾನು. ಇದು ನಮ್ಮೂರಲ್ಲಿ ಮಾತ್ರ ಇರುವ ಪದ್ಧತಿ ಎಂದು ಆಮೇಲೆ ತಿಳಿಯಿತು. ಗೊತ್ತಿಲ್ಲದೆ ಹಾಜರಿಯ ಇಡೀ ವ್ಯವಸ್ಥೆಯನ್ನು ಆ ಬಟನ್ನಿನ ಮೂಲಕವೇ ಹಾಯಿಸಿಬಿಟ್ಟಿದ್ದೆ. ಅದನ್ನು ಕಿತ್ತರೆ ಆ್ಯಪ್ ಮೇಲೇಳುವುದಿಲ್ಲ.

ಕಳಿಸಿದೆ. ಹನ್ನೊಂದು ದಿನ ಸದ್ದಿಲ್ಲ. ಹನ್ನೆರಡನೆಯ ದಿನ ಮೇಲ್ ಬಂತು: ನಿಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ, ಈ ಬಾರಿ ನಿಮ್ಮೊಂದಿಗೆ ಮುಂದುವರಿಯಲು ಆಗುತ್ತಿಲ್ಲ, ನಿಮ್ಮ ಭವಿಷ್ಯಕ್ಕೆ ಶುಭಾಶಯ. ಎಲ್ಲಿ ತಪ್ಪಾಯಿತು ಎಂದು ಮೂರು ಸಲ ಬರೆದು ಕೇಳಿದೆ. ಒಂದಕ್ಕೂ ಉತ್ತರವಿಲ್ಲ. ನನಗೆ ಏನೂ ಬರುವುದಿಲ್ಲ ಎಂದೇ ನಂಬಿ, ಕೊಟ್ಟಿಗೆಯಲ್ಲಿ ಕೂತು ಅತ್ತೆ. ಆ ಅಳುವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾಲ್ಕು ತಿಂಗಳಾದ ಮೇಲೆ ನಮ್ಮ ಹಸು ಕರು ಹಾಕಿತು. ಅಮ್ಮ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ದೊಡ್ಡ ಸ್ಟೀಲ್ ಡಬ್ಬಿ ತುಂಬಿದಳು. ಅವತ್ತು ಬೆಳಿಗ್ಗೆ ಹಾಲು ಅಳೆದಾದ ಮೇಲೆ ಡೇರಿಯಲ್ಲಿ ಸದಸ್ಯರ ಸಭೆಯಿತ್ತು. ಯಾವುದೋ ಕಂಪನಿಯವರು ಬಂದು ಹೊಸ ಆ್ಯಪ್ ತೋರಿಸುತ್ತಾರೆ, ಎಲ್ಲರಿಗೂ ಒಪ್ಪಿಗೆಯಾದರೆ ಸೆಕ್ರೆಟರಿ ರುಜು ಹಾಕುತ್ತಾರೆ ಎಂದು ಹೇಳಿದ್ದರು. "ನೀನೂ ಬಾರೇ, ನಿನ್ ಕಡೆ ವಿಷ್ಯ ಅಲ್ವಾ, ನಂಗೆ ಬಿಡಿಸಿ ಹೇಳೋವಂತೆ" ಎಂದು ಅಮ್ಮ ಎಳೆದುಕೊಂಡು ಹೋದಳು.

ಕಂಪನಿಯಿಂದ ಬಂದಿದ್ದವನು ಮುರಳಿ ಎಂಬ ಹುಡುಗ. ನನ್ನದೇ ವಯಸ್ಸು, ಬೆಂಗಳೂರಲ್ಲೇ ಹುಟ್ಟಿ ಬೆಳೆದವನು, ಕುತ್ತಿಗೆಗೆ ಐಡಿ ಕಾರ್ಡು. ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕು ಬಿತ್ತು.

ಹಸಿರು ಪರದೆ. ಡೇರಿಯ ಬಾಗಿಲಿನ ಹಸಿರು.

ನಾನು ಎಲ್ಲಿ ಗೆರೆ ಎಳೆದಿದ್ದೆನೋ ಅಲ್ಲೇ ಗೆರೆ, ಎಲ್ಲಿ ಬಟನ್ ಇಟ್ಟಿದ್ದೆನೋ ಅಲ್ಲೇ ಬಟನ್. ಮುರಳಿ ಸದಸ್ಯರ ಪಟ್ಟಿ ತೆರೆದ. ಮೊದಲ ಹೆಸರು: ಗಂಗಲಕ್ಷ್ಮಮ್ಮ, ಸದಸ್ಯ ಸಂಖ್ಯೆ ನಲವತ್ತೇಳು. ಕದ್ದವರಿಗೆ ಅದನ್ನು ಅಳಿಸುವ ವ್ಯವಧಾನವೂ ಇರಲಿಲ್ಲ.

"ಅಯ್ಯೋ, ನನ್ನೆಸ್ರು!" ಎಂದಳು ಅಮ್ಮ.

"ಅದು ಸ್ಯಾಂಪಲ್ ಹೆಸ್ರು ಆಂಟಿ" ಎಂದ ಮುರಳಿ.

"ನಂಬ್ರೂ ನಂದೇ ಕಣಪ್ಪ!"

ನಾನು ಎದ್ದು ನಿಂತೆ. "ಇದನ್ನ ಬರ್ದಿದ್ದು ನಾನು. ಇಂಟರ್‌ವ್ಯೂಗೆ ಅಂತ ಬರೆಸ್ಕೊಂಡು, ನೀನು ಬೇಡ ಅಂತ ನನ್ನ ಕಳಿಸ್ಬಿಟ್ರು. ನಾನು ಬೇಡ, ನಾನು ಬರ್ದಿದ್ದು ಮಾತ್ರ ಬೇಕು!"

ಮುರಳಿ ಬೆವರು ಒರೆಸಿಕೊಂಡ. "ಇಲ್ಲ ಮೇಡಂ, ಇದು ನಮ್ ಟೀಮ್ ಮಾಡಿರೋದು. ಹಂಗೆಲ್ಲಾ ಹೇಳ್ಬಾರ್ದು."

ಜನ ಗುಸುಗುಸು ಶುರು ಮಾಡಿದರು. ಅವರಲ್ಲಿ ಕೆಲವರು ನನ್ನನ್ನು ನೋಡಿದ ರೀತಿ ನನಗೆ ಗೊತ್ತು. ಎಂಟು, ಹತ್ತು, ಹನ್ನೆರಡು ತಿಂಗಳು ಮನೆಯಲ್ಲಿ ಕೂತ ಹುಡುಗಿ, ತಲೆ ಕೆಟ್ಟಿರಬೇಕು ಎನ್ನುವ ನೋಟ. ಅದನ್ನು ನುಂಗುವುದೇ ಕೆಲಸವಿಲ್ಲದವರ ದಿನಚರಿ.

ಕೆಂಪರಾಜಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸರಿಯಪ್ಪ, ನಿಮ್ ಟೀಮೇ ಮಾಡಿರೋದು ಅನ್ಕೊಳಾನ. ಆ ಮೂಲೇಲಿ ‘ಗಿ’ ಅಂತ ಒಂದೈತಲ್ಲ, ಅದೇನು?"

"ಅದಾ ಸಾರ್... ಅದೊಂದು ಅಡ್ವಾನ್ಸ್‌ಡ್ ಫೀಚರ್."

"ಒತ್ತು, ನೋಡಾನ."

ಒತ್ತಿದ. ಅಮ್ಮನ ಹೆಸರಿನ ಮುಂದೆ ಏಳು ಮನೆಗಳು ಒಂದೊಂದಾಗಿ ತುಂಬಿಕೊಂಡವು. ಗಿ, ಗಿ, ಗಿ, ಗಿ, ಗಿ, ಗಿ, ಗಿ.

ನನ್ನನ್ನು ಅನುಮಾನದಿಂದ ನೋಡಿದವರೇ ಈಗ ಮುರಳಿಯ ಕಡೆ ತಿರುಗಿದರು.

"ಏನಿದು ಅಂತ ಹೇಳಪ್ಪ. ಅರ್ಥ ಆಗ್ದಿರೋದಕ್ಕೆ ನಾನ್ ರುಜು ಹಾಕಲ್ಲ" ಎಂದರು ಕೆಂಪರಾಜಣ್ಣ.

ಮುರಳಿ ಅಸಹಾಯಕನಾಗಿ ಆಫೀಸಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಎತ್ತಿದವರು ಹರ್ಷಿತ. ಅದೇ ಸಿಹಿ ದನಿ. ವಿಷಯ ಕೇಳಿ, "ಓ, ಆ ಬಟನ್ನಾ? ಟೀಮ್‌ನಲ್ಲಿ ಯಾರಿಗೂ ಗೊತ್ತಿಲ್ಲ ಮುರಳಿ, ತೆಗೆದ್ರೆ ಕ್ರ್ಯಾಶ್ ಆಗುತ್ತೆ. ಅಲ್ಲೇ ರೈತರನ್ನ ಕೇಳಿ ನೋಡಿ, ಅವ್ರಿಗೆ ಗೊತ್ತಿರುತ್ತೆ" ಎಂದರು.

ಕೇಳಬೇಕಂತೆ! ನಲವತ್ತು ಜನ ಕೂತಿದ್ದರು ಅಲ್ಲಿ. ಒಬ್ಬೊಬ್ಬರೂ ಗಿಣ್ಣು ತಂದುಕೊಟ್ಟು ‘ಗಿ’ ಬರೆಸಿಕೊಂಡವರೇ. ಕೊನೆಯ ಸಾಲಿನಲ್ಲಿದ್ದ ದೊಡ್ಡಮುನಿಯಪ್ಪನವರಿಗೆ ಎಂಬತ್ತು ದಾಟಿದೆ, ಯಾವ ಸಭೆಯಲ್ಲೂ ಬಾಯಿ ಮುಚ್ಚಿದವರಲ್ಲ. ಅವರೂ ಸೂರು ನೋಡುತ್ತ ಕೂತರು. ಯಾರೂ ತುಟಿ ಬಿಚ್ಚಲಿಲ್ಲ.

"ನಮ್ಗೇನ್ ಗೊತ್ತಮ್ಮ?" ಎಂದರು ಕೆಂಪರಾಜಣ್ಣ ಫೋನಿಗೆ ಬಾಗಿ. "ಬರ್ದೋರ್ನ ಕೇಳಿ."

ನನ್ನ ಕಣ್ಣು ತುಂಬಿತು. ಫೋನಿನ ಹತ್ತಿರ ಹೋದೆ. "ಮೇಡಂ, ನಾನು ಬಿಂದುಶ್ರೀ. ನಿಮ್ಮ ಎಂಟು ದಿನದ ಅಸೈನ್‌ಮೆಂಟು. ಮೂರು ಮೇಲ್ ಹಾಕಿದ್ದೆ, ಒಂದಕ್ಕೂ ನೀವು ಉತ್ತರ ಕೊಡ್ಲಿಲ್ಲ."

ಆ ಕಡೆಯ ದನಿ ಇನ್ನಷ್ಟು ಸಿಹಿಯಾಯಿತು. "ಓ ಬಿಂದುಶ್ರೀ! ಹೇಗಿದೀರಾ? ನೋಡಿ, ನಿಮ್ಮ ಪ್ರೊಫೈಲ್ ಇನ್ನೂ ನಮ್ಮ ಹತ್ರ ಇದೆ. ಒಂದು ಕೆಲ್ಸ ಮಾಡಿ. ಆ ಬಟನ್ ಏನು, ಹೇಗೆ ಕೆಲ್ಸ ಮಾಡುತ್ತೆ ಅಂತ ಮುರಳಿಗೆ ಪೂರ್ತಿ ಹೇಳ್ಕೊಟ್ಬಿಡಿ. ಇದನ್ನೇ ನಿಮ್ಮ ಸೆಕೆಂಡ್ ರೌಂಡ್ ಅಂತ ಕನ್ಸಿಡರ್ ಮಾಡೋಣ."

ನಿಜ ಹೇಳುತ್ತೇನೆ, ನನಗೆ ಆಸೆಯಾಯಿತು. ಅಷ್ಟೆಲ್ಲ ಆದ ಮೇಲೂ ಆಯಿತು. ಎರಡು ಮಾತು ಹೇಳಿದರೆ ಸಾಕು, ನಾಳೆಯಿಂದ ಮತ್ತೆ ಆರೂವರೆಯ ಬಸ್ಸು, ನನ್ನ ಕುತ್ತಿಗೆಗೂ ಒಂದು ಕಾರ್ಡು. ಆ ಆಸೆ ಹುಟ್ಟಿದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು. ಅಮ್ಮನ ಕಡೆ ನೋಡಿದೆ. ನನಗೆ ಕೆಲಸ ಬೇಕು ಎಂದು ಹಬ್ಬದಿಂದ ಹಬ್ಬಕ್ಕೆ ಗಡುವು ಮುಂದೂಡಿಕೊಂಡು ಬಂದವಳು ಅವಳು. ಕೆಂಪರಾಜಣ್ಣನಿಗೆಂದು ಆಗಲೇ ಡಬ್ಬಿಯ ಮುಚ್ಚಳ ತೆಗೆದಿದ್ದಳು. ಅದನ್ನು ಮತ್ತೆ ಇಟ್ಟು, ಅಂಗೈಯಿಂದ ಒತ್ತಿ, ಗಟ್ಟಿಯಾಗಿ ಮುಚ್ಚಿದಳು.

"ಮೊದ್ಲು ಕೆಲ್ಸದ ಆರ್ಡರ್ ಲೆಟರ್ ಕಳ್ಸಿ ಮೇಡಂ" ಎಂದೆ. "ಬರ್ದಿರೋದು ನಾನು ಅಂತ ಅದ್ರಲ್ಲಿ ಇರ್ಲಿ. ನಾನ್ ಆಗ್ಲೇ ಒಂದ್ಸಲ ಪರೀಕ್ಷೆ ಕೊಟ್ಟಾಯ್ತು."

"ಪ್ರೋಸೆಸ್ ಅಂತ ಒಂದಿರುತ್ತೆ ಬಿಂದುಶ್ರೀ..."

"ಕದಿಯೋಕ್ ಯಾವ ಪ್ರೋಸೆಸ್ ಇತ್ತು?"

ಫೋನ್ ಕಟ್ಟಾಯಿತು. ಕೆಂಪರಾಜಣ್ಣ ಮೇಜಿನ ಮೇಲಿದ್ದ ಒಪ್ಪಂದದ ಕಾಗದಗಳನ್ನು ಮಡಿಸಿ ಮುರಳಿಯ ಕೈಗೆ ಕೊಟ್ಟರು. ಡ್ರಾಯರಿನಿಂದ ಹಳೆಯ ರಿಜಿಸ್ಟರ್ ತೆಗೆದರು. ಅಮ್ಮ ಮುಂದೆ ಹೋಗಿ ಡಬ್ಬಿ ತೆರೆದು ಅವರಿಗೆ ಬಡಿಸಿದಳು. ಅವರು ತಿಂದು, ಕೈ ಒರೆಸಿಕೊಂಡು, ಪೆನ್ಸಿಲ್ ಹಿಡಿದರು.

ಮುರಳಿ ವಯರುಗಳನ್ನು ಸುತ್ತುತ್ತ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಸಾರಿ ಅಕ್ಕ. ನಾನೂ ಒಂದು ಅಸೈನ್‌ಮೆಂಟ್ ಕೊಟ್ಟೇ ಬಂದಿದ್ದು. ಬಿಲ್ ಪ್ರಿಂಟ್ ಆಗೋ ಭಾಗ ನಂದು. ಮೂರು ತಿಂಗಳಿಂದ ಟ್ರಯಲ್ ಅಂತ ಓಡಾಡಿಸ್ತಿದಾರೆ. ಲೆಟರ್ ನಂಗೂ ಕೊಟ್ಟಿಲ್ಲ."

"ಸಂಬ್ಳ?"

ಅವನು ಇಲ್ಲವೆಂದು ತಲೆಯಾಡಿಸಿದ. ಕುತ್ತಿಗೆಯ ಕಾರ್ಡು ತಿರುಗಿ ನಿಂತಿತ್ತು. ನೋಡಿದರೆ ಅದರಲ್ಲಿ ಅವನ ಹೆಸರಿರಲಿಲ್ಲ, ‘ವಿಸಿಟರ್’ ಎಂದಿತ್ತು. ಅವನ ಮೇಲಿದ್ದ ನನ್ನ ಸಿಟ್ಟು ಅವನನ್ನು ಬಿಟ್ಟು ಸೀದಾ ಆ ಸಿಹಿ ದನಿಯ ಕಡೆ ಹೋಯಿತು, ಎರಡರಷ್ಟಾಗಿ.

"ಲೋ ಹುಡ್ಗ, ಬಿಸ್ಲಲ್ಲಿ ಬಂದಿದೀಯ, ಬಾ ಇಲ್ಲಿ" ಎಂದು ಅಮ್ಮ ಅವನನ್ನು ಕೂರಿಸಿ, ಮುತ್ತುಗದ ಎಲೆಯ ಮೇಲೆ ಎರಡು ದೊಡ್ಡ ತುಂಡು ಇಟ್ಟಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವೋ ಏನೋ, ಎರಡೂ ನಿಮಿಷದಲ್ಲಿ ಖಾಲಿ. ಬೆರಳು ನೆಕ್ಕುತ್ತ ನನ್ನನ್ನು ಕೇಳಿದ: "ಸಕತ್ತಾಗಿದೆ ಅಕ್ಕ. ಏನಿದು?"

ಸಭೆಗೆ ಸಭೆಯೇ ನನ್ನ ಬಾಯಿ ನೋಡಿತು. ಕೆಂಪರಾಜಣ್ಣನ ಪೆನ್ಸಿಲ್ ನಾಲ್ಕನೇ ಮನೆಯಲ್ಲಿ ನಿಂತಿತು.

"ನಿಮ್ ಲೆಟರ್ರೂ ಬರ್ಲಿ, ನನ್ ಲೆಟರ್ರೂ ಬರ್ಲಿ" ಎಂದೆ. "ಆಮೇಲೆ ಹೇಳ್ತೀನಿ."