ಗರ್ದಿಶ್‌ಗೊಂದು ಟಿಕೆಟ್

"ಶೋಭಿ, ನಿಮ್ ಮೇಷ್ಟ್ರು ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಲ್ಲಿ ಕಂಡಕ್ಟರ್ ಅತ್ರ ಪರ್ಷಿಯನ್ ಭಾಷೇಲಿ ಟಿಕೆಟ್ ಕೇಳವ್ರೆ ಕಣೇ! ನಾನೇ ಕಣ್ಣಾರೆ ಕಂಡೆ!"

"ಸುಮ್ನಿರೇ, ಏನೇನೋ ಬಿಡ್ತೀಯ ನೀನು."

"ಅಯ್ಯೋ, ನಮ್ಮಮ್ಮನಾಣೆ! ವಿಡಿಯೊ ಕಳ್ಸಿದೀನಿ, ನೋಡು."

ಭಾನುವಾರ ಮಧ್ಯಾಹ್ನ. ಫೋನಿನ ಆ ಕಡೆ ನಿಸರ್ಗ ಉಸಿರು ತೆಗೆದುಕೊಳ್ಳದೆ ಒದರುತ್ತಿದ್ದಳು. ಈ ಕಡೆ ಹೊಳೆನರಸೀಪುರದಲ್ಲಿ ಶೋಭಿತಾ ಜಗಲಿಯ ಮೇಲೆ ಕಾಲು ಚಾಚಿ ಕೂತು ವಿಡಿಯೊ ತೆರೆದಳು. ಇಬ್ಬರೂ ಹಾಸನದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ, ಒಬ್ಬಳು ನಕ್ಕರೆ ಇನ್ನೊಬ್ಬಳು ಯಾಕೆಂದೂ ಕೇಳದೆ ನಗುವ ಜೋಡಿ.

ವಿಡಿಯೊದಲ್ಲಿ ಪಂಚಾಕ್ಷರಯ್ಯ ಮೇಷ್ಟ್ರು ಬಸ್ಸಿನ ಕಿಟಕಿ ಪಕ್ಕ ಕೂತಿದ್ದರು. ತೊಡೆಯ ಮೇಲೆ ಪ್ರೆಸ್ಸಿನಿಂದ ತಂದ ಪ್ರೂಫಿನ ಕಟ್ಟು.

"ಎಲ್ಲಿಗೆ ಸಾ?"

ಮೇಷ್ಟ್ರು ಗಾಳಿಯಲ್ಲಿ ಬೆರಳನ್ನು ದುಂಡಗೆ ಸುತ್ತಿಸಿದರು. "ಗರ್ದಿಶ್."

"ಅದ್ಯಾವೂರು ಸಾ? ನಮ್ ರೂಟಲ್ಲಿಲ್ವಲ್ಲ?"

"ಗರ್ದಿಶ್ ಕೊಡಪ್ಪ. ಒಂದು ಗರ್ದಿಶ್."

ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. ಶೋಭಿತಾಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. 'ನಮ್ಮ ಮೇಷ್ಟ್ರಿಗೆ ಸಾಟಿ ಯಾರು' ಎಂದು ಬರೆದು ವಿಡಿಯೊವನ್ನು ಸ್ಟೇಟಸ್ಸಿಗೂ ಏರಿಸಿಬಿಟ್ಟಳು.

ನಗದೆ ಇನ್ನೇನು? ಹೈಸ್ಕೂಲಿನಲ್ಲಿ ಭೌತವಿಜ್ಞಾನ ಹೇಳಿ ನಿವೃತ್ತರಾದ ಮೇಷ್ಟ್ರಿಗೆ ತಿರುಗುವ ವಸ್ತು ಕಣ್ಣಿಗೆ ಬಿದ್ದರೆ ಸಾಕು, ಅದರ ಹೆಸರಿನ ಜಾತಕ ಬಿಚ್ಚುವ ಚಪಲ. ಪಕ್ಕದ ಮನೆಯಲ್ಲಿದ್ದ ಉರ್ದು ಶಾಲೆಯ ಹೆಡ್ಮಾಸ್ಟರರಿಂದ ಹಟ ಹಿಡಿದು ಪರ್ಷಿಯನ್ ಕಲಿತವರು. ತಿರುಗುವಿಕೆಗೆ ಇಂಗ್ಲಿಷಿನಲ್ಲೂ ಪರ್ಷಿಯನ್ನಿನಲ್ಲೂ ಇರುವ ವಿಜ್ಞಾನದ ಪದಗಳು ಎಲ್ಲಿಂದ ಬಂದವು ಅಂತ ಈಗ ಒಂದು ಸಣ್ಣ ಪುಸ್ತಕ ಮಾಡುತ್ತಿದ್ದರು. ಅವರು ಹೇಳುವುದು, ಶೋಭಿತಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಫೋನಿನಲ್ಲೇ ಟೈಪ್ ಮಾಡುವುದು. ಇಪ್ಪತ್ತನೇ ತಾರೀಕು ಅರಕಲಗೂಡಿನಲ್ಲಿ ಬಿಡುಗಡೆ, ಮೇಷ್ಟ್ರ ಭಾಷಣ.

ವಿಡಿಯೊ ಮೂರನೇ ಸಲ ನೋಡುವಾಗ ಅವಳ ನಗು ನಿಂತಿತು. ಬಸ್ಸಿನಲ್ಲಿ ಎಲ್ಲರೂ ನಗುತ್ತಿದ್ದರು, ಮೇಷ್ಟ್ರು ನಗುತ್ತಿರಲಿಲ್ಲ. ತಮಾಷೆ ಮಾಡುವವರ ಕಣ್ಣಲ್ಲ ಅದು. ಗುರುತಿಲ್ಲದ ಊರಿನಲ್ಲಿ ದಾರಿ ಕೇಳುವವರ ಕಣ್ಣು.

ಇಯರ್‌ಫೋನ್ ಸಿಕ್ಕಿಸಿಕೊಂಡು ಜೂನ್ ತಿಂಗಳ ಮೊದಲ ರೆಕಾರ್ಡಿಂಗ್ ಹಾಕಿದಳು. ಮೇಷ್ಟ್ರ ಮಾತು ನೀರು ಹರಿದ ಹಾಗಿತ್ತು. "ರೊಟೇಶನ್ ಒಳಗಡೆ ಲ್ಯಾಟಿನ್ನಿನ ರೋಟಾ ಇದೆ ಮಗ, ಅಂದ್ರೆ ಗಾಲಿ. ನಮ್ಮ ರಥದ ದಾಯಾದಿ ಅದು. ಪರ್ಷಿಯನ್ನಿನ ಚರ್ಖ್ ನಮ್ಮ ಚಕ್ರದ ಒಡಹುಟ್ಟು. ಅದರಿಂದಲೇ ಚರ್ಖೆಶ್ ಬಂತು, ಅಕ್ಷದ ಸುತ್ತ ತಿರುಗೋದು. ಗರ್ದಿಶ್ ಇದೆಯಲ್ಲ, ಅಂದ್ರೆ ಸುತ್ತೋದು, ಅದೂ ನಮ್ಮ ವರ್ತುಲವೂ ಇಂಗ್ಲಿಷಿನ ವರ್ಟಿಗೋನೂ ಒಂದೇ ಬೇರಿನವು. ಇರಾನಿನವರು ತಿರುಗೋ ಆಕಾಶವನ್ನೇ ಗರ್ದೂನ್ ಅಂದ್ರು. ಅದು ಅಡ್ಡ ತಿರುಗಿದ್ರೆ ಮನುಷ್ಯನ ಕತೆ ಮುಗೀತು."

ಜುಲೈ. "ಭೂಮಿ ತನ್ನ... ಆ ನಡುವಿಂದು... ಏನದು, ನೀನೇ ಹೇಳು." "ಅಕ್ಷ, ಸಾ!" ತನ್ನದೇ ಉತ್ಸಾಹದ ದನಿ. "ಶಹಭಾಸ್." ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡು ಆವತ್ತು ಎಷ್ಟು ಹಿಗ್ಗಿದ್ದಳು! ಆಗಸ್ಟ್ ತಿಂಗಳದ್ದರಲ್ಲಿ 'ನೀನೇ ಹೇಳು' ಏಳು ಸಲ ಬಂತು. ಸೆಪ್ಟೆಂಬರಿನಲ್ಲಿ ಬುಗುರಿಗೂ ಗರ್ದಿಶ್, ಭೂಮಿಗೂ ಗರ್ದಿಶ್. ಮೇಷ್ಟ್ರಿಗೆ ಪರ್ಷಿಯನ್ ಹುಚ್ಚು ಹತ್ತಿದೆ ಅಂತ ನಕ್ಕು, ಟೈಪ್ ಮಾಡುವಾಗ ಸರಿಯಾದ ಪದ ಹಾಕಿದ್ದಳು. ಹೋದ ವಾರದ್ದು ಹನ್ನೊಂದು ನಿಮಿಷ. ಅದರಲ್ಲಿ ಮಾತಾಡಿದ್ದೆಲ್ಲ ತಾನೇ.

ಪ್ರೂಫಿನಲ್ಲಿ ಒಂದು ತೊದಲೂ ಇರಲಿಲ್ಲ. ಎಲ್ಲವನ್ನೂ ಅವಳೇ ಒರೆಸಿ ಹಾಕಿದ್ದಳು. ಇಯರ್‌ಫೋನ್ ಕಿತ್ತು ಎದ್ದಳು.

ನಾಲ್ಕು ಗಂಟೆಗೆ ಹಿಂದಿನ ಬೀದಿಯ ಮೇಷ್ಟ್ರ ಮನೆಗೆ ಹೋದಳು. ಹೇಗೋ ಊರು ತಲುಪಿ ನಡುಮನೆಯಲ್ಲಿ ಪ್ರೂಫ್ ಹರಡಿಕೊಂಡು ಕೂತಿದ್ದವರು "ಬಾರವ್ವ" ಎಂದರು.

"ಸಾ, ಅದ್ರ ಎಸ್ರೇಳಿ." ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ತೋರಿಸಿದಳು.

"ನನ್ನೇ ಪರೀಕ್ಷೆ ಮಾಡ್ತೀಯಾ, ಕತ್ತೆ."

"ಎಸ್ರೇಳಿ ಸಾ."

ಮೇಷ್ಟ್ರು ಕತ್ತೆತ್ತಿ ನೋಡಿದರು. ತುಟಿ ಒಂದೆರಡು ಸಲ ಪದಕ್ಕಾಗಿ ಹುಡುಕಾಡಿತು. "ಅದು... ಗಾಳಿ... ಗರ್ದಿಶ್."

"ಕನ್ನಡದಲ್ಲಿ ಏನಂತೀವಿ ಸಾ?"

ಅವರು ಎದ್ದು ಹೆಂಡತಿಯಿದ್ದ ಅಡುಗೆಮನೆಯ ಬಾಗಿಲು ಮುಂದಕ್ಕೆಳೆದು ಬಂದರು. ದನಿ ತಗ್ಗಿಸಿ, ಪ್ರೂಫಿನ ಮೇಲೆ ಬೆರಳು ಕುಟ್ಟುತ್ತ ಹೇಳಿದರು: "ಇಪ್ಪತ್ತಕ್ಕೆ ಇದು ಆಗ್ಲಿ. ಆಮೇಲೆ ಏನು ಬೇಕಾದ್ರೂ ಮಾಡು. ಅಲ್ಲಿಗಂಟ ಅವಳಿಗೆ ಹೇಳ್ಬೇಡ. ಈಗ ಮೊದಲಿಂದು ಹಾಕು."

ಶೋಭಿತಾ ಜೂನ್ ತಿಂಗಳದ್ದು ಹಾಕಿದಳು. ಮೇಷ್ಟ್ರು ಫೋನಿಗೆ ಕಿವಿ ಹಚ್ಚಿ ತಮ್ಮ ಮಾತನ್ನು ತಾವೇ ಉಕ್ತಲೇಖನ ಬರೆದುಕೊಳ್ಳತೊಡಗಿದರು. 'ಅಕ್ಷ' ಎಂದು ಬರೆದು, ಯಾರದೋ ಮನೆಯ ಸಾಮಾನು ನೋಡುವವರ ಹಾಗೆ ಅದನ್ನೇ ನೋಡಿದರು. "ಮತ್ತೆ ಹಾಕು. ಬಾಯಿಪಾಠ ಮಾಡ್ಬೇಕು."

ಅವಳು ಫೋನು ಎತ್ತಿಕೊಂಡು ಅಡುಗೆಮನೆಯ ಬಾಗಿಲು ತಳ್ಳಿದಳು.

"ಬೇಡ, ಶೋ... ಶೋ..." ಹೆಸರು ಅಲ್ಲೇ ನಿಂತಿತು.

ಒಳಗೆ ಮೇಷ್ಟ್ರ ಹೆಂಡತಿ ಪ್ರೇಮಕುಮಾರಿ ಒಲೆಯ ಮುಂದಿದ್ದರು. "ಸರ್ಯಾಗ್ ಬಂದೆ ಬಾ. ನೀನಾದ್ರೂ ಕೇಳು ನಿಮ್ ಮೇಷ್ಟ್ರನ್ನ. ಎಂಟು ದಿನ ಆತು, ಒಂದ್ ಕಿತಾನೂ ಪ್ರೇಮಾ ಅಂತ ಕರ್ದಿಲ್ಲ. ಬರೀ 'ನೋಡಿಲ್ಲಿ', 'ಕೇಳಿಲ್ಲಿ'. ಅದೇನ್ ಕ್ವಾಪವೋ! ನಾನೂ ಮಾತು ಬಿಟ್ಟಿವ್ನಿ, ಯಾರು ಸೋಲ್ತಾರೆ ನೋಡೇಬುಡಾವ ಅಂತ."

ಶೋಭಿತಾ ಎರಡು ರೆಕಾರ್ಡಿಂಗ್ ಕೇಳಿಸಿದಳು. ಮೊದಲನೆಯದು, ಕೊನೆಯದು. ಪ್ರೇಮಕುಮಾರಿ ಒಲೆ ಆರಿಸಿ ನೆಲದ ಮೇಲೆ ಕೂತರು.

"ಅಂಗಾದ್ರೆ ಕ್ವಾಪ ಅಲ್ವಾ?"

"ಅಲ್ಲ ಕಣಮ್ಮ."

"ಕ್ವಾಪಾನೇ ಆಗಿದ್ರೆ ಎಷ್ಟೋ ಚೆನ್ನಾಗಿತ್ತು ಕಣವ್ವ."

ನಿಸರ್ಗಳ ಅಣ್ಣ ರಜನೀಶ್ ಹಾಸನದ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ವಿಭಾಗದಲ್ಲಿದ್ದ. ಶೋಭಿತಾ ಅಲ್ಲಿಂದಲೇ ಮಾಡಿದ ಫೋನ್ ಎತ್ತಿದವನೇ "ಏನಮ್ಮಾ, ಗರ್ದಿಶ್ ಊರ್ನೋಳೇ!" ಎಂದು ನಕ್ಕ. ಶೋಭಿತಾ ಹೇಳುತ್ತ ಹೋದ ಹಾಗೆ ಅವನ ನಗು ಸಣ್ಣದಾಯಿತು.

"ಬೆಳಿಗ್ಗೆ ಎದ್ದಾಗ ತಲೆನೋವು ಐತಾ ಕೇಳು."

"ಐತೆ ಕಣಪ್ಪ," ಪ್ರೇಮಕುಮಾರಿ ಸ್ಪೀಕರಿಗೆ ಬಾಗಿದರು. "ಓದಿ ಓದಿ ಬಂದದೆ ಅಂದ್ಕಂಡೆ."

"ಬಲಗೈ ಸೋತಂಗೈತಾ?"

ಅವರು ನಡುಮನೆಯ ಕಡೆ ನೋಡಿದರು. "ಮೊನ್ನೆಯಿಂದ ಕಾಪಿ ಲೋಟ ಎಡಗೈಲಿ ಇಡೀತಾರೆ."

ಆ ಕಡೆ ರಜನೀಶ್ ಏನೋ ಬರೆದುಕೊಂಡ ಸದ್ದು. ಆಮೇಲೆ "ಡಾಕ್ಟ್ರನ್ನ ಕೇಳಿ ಹತ್ತು ನಿಮಿಷದಲ್ಲಿ ಫೋನ್ ಮಾಡ್ತೀನಿ" ಎಂದು ಇಟ್ಟ. ಆ ಹತ್ತು ನಿಮಿಷದಲ್ಲಿ ಶೋಭಿತಾ ತನ್ನ ಸ್ಟೇಟಸ್ ನೋಡಿದಳು. ಅರವತ್ತೆರಡು ಜನ ನೋಡಿದ್ದರು, ಸಾಲುಸಾಲು ನಗುವ ಮುಖ. ಅಳಿಸಿದಳು.

ಫೋನ್ ಬಂತು. "ನಾಳೆ ಒಂಬತ್ತೂವರೆಗೆ ನರದ ಡಾಕ್ಟ್ರು ನೋಡ್ತಾರೆ. ಮಿದುಳಿನ ಸ್ಕ್ಯಾನೂ ನಾಳೇನೇ. ಆ ಆಡಿಯೊ ಒಂದೂ ಅಳಿಸ್ಬೇಡ, ಎಲ್ಲಾ ತಗಂಬಾ. ರಾತ್ರಿ ಫಿಟ್ಸ್ ಬಂದ್ರೆ, ಇಲ್ಲ ಜಾಸ್ತಿ ಆದ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡಿ, ನೂರೆಂಟಕ್ಕೆ ಮಾಡಿ. ಗೊತ್ತಾಯ್ತಾ?"

ನಡುಮನೆಗೆ ಬಂದಾಗ ಮೇಷ್ಟ್ರು ಪ್ರೂಫನ್ನು ಎದೆಗವಚಿಕೊಂಡು ಕೂತಿದ್ದರು. ಬೈಯಲಿಲ್ಲ.

"ನಾಳೆ ಅಲ್ಲಿ ಏನು ಕೇಳ್ತಾರೆ?"

"ಪೆನ್ನು, ಬೀಗದಕೈ ಇಂಥವು ತೋರ್ಸಿ ಎಸ್ರು ಕೇಳ್ತಾರಂತೆ ಸಾ."

ಮೇಷ್ಟ್ರು ಯೋಚಿಸಿದರು. "ಹಂಗಾದ್ರೆ ಇವತ್ತೇ ಕಲ್ತ್ಕೊಂಡ್ಬಿಡ್ತೀನಿ."

"ಕಲೀಬ್ಯಾಡಿ ಸಾ." ಅವಳು ಫೋನು ಹಿಂದಕ್ಕೆ ಸರಿಸಿದಳು. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ. ನಾನೂ ಪಕ್ಕದಲ್ಲಿ ನಿಂತು ಏಳ್ಕೊಡಲ್ಲ."

ಮೇಷ್ಟ್ರು ಪ್ರೂಫಿನ ಅಂಚು ಸರಿಮಾಡಿದರು. ಪ್ರೇಮಕುಮಾರಿ ಬಂದು ಗಂಡನ ಪಕ್ಕ ಕೂತು, ಅವರ ಬಲಗೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ಏಳೂವರೆ ಬಸ್ಸಿಗೆ ಓಗಾವ. ನೀನು ಏಳು ಗಂಟೆಗೇ ಸ್ಟ್ಯಾಂಡಲ್ಲಿರವ್ವ."

"ಇರ್ತೀನಮ್ಮ," ಎಂದಳು ಶೋಭಿತಾ.