ಮಧ್ಯದ ನಲವತ್ತು ನಿಮಿಷ

ತಳ ಹಿಡಿದ ಗಂಜಿಯ ವಾಸನೆ ಎಲ್ಲಿ ಬಂದರೂ ನನಗೆ ಮತ್ತೆ ಆರು ವರ್ಷವಾಗಿಬಿಡುತ್ತದೆ. ಅಮ್ಮ ಗಿರಣಿಯ ಪಾಳಿಗೆ ಹೋದ ಮೇಲೆ ಅಕ್ಕ ಸೀಮೆಎಣ್ಣೆ ಒಲೆಯ ಮೇಲೆ ಗಂಜಿ ಇಡುತ್ತಿದ್ದಳು. ಅವಳಿಗಾಗ ಹದಿಮೂರು. ಮೇಲಿನ ಬಿಳಿ ಗಂಜಿ ನನಗೆ, ತಳದ ಕಂದು ಚಕ್ಕೆ ಅವಳಿಗೆ. "ನನಗೆ ಸೀದಿದ್ದೇ ಇಷ್ಟ ಕಣೇ ಗುಬ್ಬಿ," ಎನ್ನುತ್ತಿದ್ದಳು. ನಾನು ನಂಬಿದ್ದೆ.

ಆ ಮಂಗಳವಾರ ಅದೇ ವಾಸನೆ ನನ್ನ ಅಡುಗೆಮನೆಯಿಂದ ಬಂತು. ಅಕ್ಕನಿಗೆಂದು ಗಂಜಿ ಬಿಸಿಗಿಟ್ಟು, ಕುರ್ಚಿಯಲ್ಲಿ ಕೂತಲ್ಲೇ ಕಣ್ಣು ಮುಚ್ಚಿದ್ದೆ. ಅದು ಬೆಳಗಿನಿಂದ ಮೂರನೆಯ ಸಲದ ಗಂಜಿ. ಡಾಕ್ಟರು ಬರೆದಿಡಲು ಹೇಳಿದ್ದ ನೋಟುಪುಸ್ತಕದಲ್ಲಿ ಮೂರು ವಾರಗಳಿಂದ ನನ್ನ ಕೈಬರಹ ಒಂದೇ ಮಾತು ಹೇಳುತ್ತಿತ್ತು: "ಎರಡು ಚಮಚ. ಆಮೇಲೆ ತಟ್ಟೆ ತಳ್ಳಿದಳು."

"ಗುರುವಾರ ಪುಸ್ತಕ ತನ್ನಿ ಅಮ್ಮ. ಹೀಗೇ ಇದ್ರೆ ಮೂಗಿಗೆ ನಳಿಕೆ ಹಾಕದೆ ಬೇರೆ ದಾರಿ ಇಲ್ಲ," ಎಂದಿದ್ದರು ಡಾಕ್ಟರು. ಅಕ್ಕನಿಗೆ ಎಂಬತ್ತೊಂದು. ನೆನಪು ಹೋಗಿ ಎರಡು ವರ್ಷವಾಗಿದೆ. ಮುಖದ ಮೇಲೆ ಕನ್ನಡಕವನ್ನೂ ಉಳಿಸಿಕೊಳ್ಳದವಳು ನಳಿಕೆ ಇರಲು ಬಿಡುತ್ತಾಳೆಯೇ? ಕಿತ್ತರೆ ಕೈ ಕಟ್ಟುತ್ತಾರೆ. ಆಸ್ಪತ್ರೆಯಲ್ಲಿ ಕೈ ಕಟ್ಟಿದ ಹಿರಿಯರನ್ನು ನಾನು ನೋಡಿದ್ದೇನೆ.

ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರನ್ನು ಅಕ್ಕನ ಬಳಿ ಕೂರಿಸಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೊರಟೆ. ಮೂವತ್ತೊಂದು ವರ್ಷ ಅಲ್ಲಿ ಪುಸ್ತಕಗಳಿಗೆ ಸಂಖ್ಯೆ ಕೊಟ್ಟವಳು ನಾನು. ಕಷ್ಟ ಬಂದಾಗ ಕೆಲವರು ದೇವರ ಹತ್ತಿರ ಹೋಗುತ್ತಾರೆ. ನನಗೆ ಗೊತ್ತಿದ್ದದ್ದು ಕಪಾಟು.

ಬಾಗಿಲ ಕಾವಲುಗಾರ ನನ್ನ ಉಸಿರಾಟ ನೋಡಿ ತನ್ನ ಕುರ್ಚಿಯನ್ನೇ ಈಚೆಗೆಳೆದ. ಒಳಗಿನಿಂದ ಯಾರೋ ಕೂಗಿದರು.

"ಅಯ್ಯೋ, ನಂಬರ್ ಮೇಡಂ!"

ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿ. ಈಗ ಅವಳೇ ಗ್ರಂಥಪಾಲಕಿ, ತಲೆಯಲ್ಲಿ ನರೆ ಬಂದಿತ್ತು.

"ನನ್ನ ಕಾರ್ಡಿನ ಅವಧಿ ಮುಗಿದಿದೆ ಕಣಮ್ಮ."

"ಕಾರ್ಡಿಂದು ತಾನೇ? ಬನ್ನಿ, ಬನ್ನಿ. ಯಾವ ವಿಷಯ?"

"ವಯಸ್ಸಾದವರದ್ದು. ಆ ವಿಭಾಗ ಈಗಲೂ ಮೂರನೇ ಮಹಡೀನಾ?"

"ಹೂಂ. ಲಿಫ್ಟ್ ಬೇರೆ ಕೆಟ್ಟಿದೆ. ಮುಪ್ಪಿನ ಪುಸ್ತಕಾನ ಮೂರನೇ ಮಹಡಿಗೆ ಹತ್ತಿಸಿದ ಪುಣ್ಯಾತ್ಮರು ಯಾರೋ."

"ಆ ಪುಣ್ಯಾತ್ಮಳು ನಾನೇ."

ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಆಗ ನನಗೆ ನಲವತ್ತೆರಡು. ಆ ಪುಸ್ತಕಗಳನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ ಎಂದು ಮೇಲಕ್ಕೆ ಕಳಿಸಿದ್ದೆ. ನನ್ನ ಮಂಡಿಗಳೂ ಒಂದು ದಿನ ಕೇಳಲು ಬಂದಾವು ಎಂದು ಹೊಳೆದಿರಲಿಲ್ಲ.

ಅವಳು ಎರಡು ಸಲ ಹತ್ತಿಳಿದು ಐದು ಪುಸ್ತಕ ತಂದಳು. ಕಂಪ್ಯೂಟರಿನಲ್ಲಿ ಲೇಖನಗಳನ್ನು ತೆಗೆದು, ನಾನು ಹೇಳದೆಯೇ ಅಕ್ಷರ ದೊಡ್ಡದು ಮಾಡಿದಳು. ನಾನು ಓದಿದೆ. ಹಲ್ಲು ಪರೀಕ್ಷಿಸಿ: ಮಾಡಿಸಿದ್ದೆ. ಗದ್ದಲ ಕಡಿಮೆ ಮಾಡಿ: ರೇಡಿಯೋ ಆರಿಸಿ ತಿಂಗಳಾಗಿತ್ತು. ಬಣ್ಣದ ತಟ್ಟೆ ಬಳಸಿ: ನೀಲಿಯದು ತಂದಿದ್ದೆ. ನಾಲ್ಕನೆಯ ಪುಸ್ತಕದ ಒಂದು ಸಾಲಿನಲ್ಲಿ ಬೆರಳು ನಿಂತಿತು. ಈ ವ್ಯಕ್ತಿ ಚಿಕ್ಕಂದಿನಿಂದ ಹೇಗೆ, ಯಾರ ಜೊತೆ ಉಣ್ಣುತ್ತಿದ್ದರು ಎಂದು ಕೇಳಿ ತಿಳಿಯಿರಿ.

"ಕೇಳೋದು ಯಾರನ್ನ? ಅವಳಿಗೆ ನಾನು ಯಾರು ಅನ್ನೋದೇ ಎಷ್ಟೋ ಸಲ ಗೊತ್ತಿರಲ್ಲ," ಎಂದೆ.

"ನಿಮ್ಮಕ್ಕ ಒಂದ್ಸಲ ಇಲ್ಲಿಗೆ ಬಂದಿದ್ರಲ್ವಾ ಮೇಡಂ? ಆ ಟೇಪುಗಳಿಗೆ?"

ಮರೆತೇಬಿಟ್ಟಿದ್ದೆ. ಇಪ್ಪತ್ತು ವರ್ಷದ ಹಿಂದೆ ವಿದ್ಯಾರ್ಥಿಗಳು ಹಿರಿಯರನ್ನು ಮಾತಾಡಿಸಿ ಧ್ವನಿಮುದ್ರಿಸುತ್ತಿದ್ದರು. ಜನ ಸಾಲದೆ ಬಂದಾಗ ನಮ್ಮಕ್ಕನನ್ನು ಕಳಿಸಿಕೊಟ್ಟಿದ್ದೆ. ಹೆಚ್ಚಿಗೆ ಇದ್ದ ಒಂದು ಸ್ಟೂಲನ್ನು ಕಳಿಸಿದ ಹಾಗೆ. ಟೇಪಿಗೆ ಚೀಟಿ ಬರೆದವಳೂ ನಾನೇ: "ಟೇಪು ಸಂಖ್ಯೆ ನಲವತ್ತೊಂದು. ಹೊಲಿಗೆ ಶಿಕ್ಷಕಿ. ಬಾಲ್ಯ, ಕೆಲಸ, ನಿವೃತ್ತಿ. ಐವತ್ತು ನಿಮಿಷ."

ಟೇಪುಗಳು ಮುನ್ನೂರಕ್ಕೂ ಹೆಚ್ಚಿದ್ದವು. ಎಲ್ಲ ಕೇಳುತ್ತ ಕೂರಲು ಆಗುತ್ತಿರಲಿಲ್ಲ. ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ಕೇಳಿ ಚೀಟಿ ಬರೆಯುವುದು ನಮ್ಮ ಪದ್ಧತಿ.

"ನಿಮ್ಮಕ್ಕಂದನ್ನೂ ಪೂರ್ತಿ ಕೇಳಿಲ್ವಾ?"

"ಮನೇಲಿ ದಿನಾ ಕೇಳ್ತಿದ್ನಲ್ಲ," ಎಂದೆ.

ಅವಳು ನನ್ನ ಕಿವಿಗೆ ಹೆಡ್‌ಫೋನ್ ಇಟ್ಟು, ಕಿಟಕಿಯ ಪರದೆ ಎಳೆದು ಹೋದಳು.

ಅಕ್ಕನ ಹಳೆಯ ಧ್ವನಿ. ಚುರುಕಾದದ್ದು, ತುಸು ಜೋರು. ಹತ್ತನೆಯ ನಿಮಿಷಕ್ಕೆ ಆ ವಿದ್ಯಾರ್ಥಿಯನ್ನೇ ಗದರಿಸುತ್ತಿದ್ದಳು.

"ಬರ್ಕೊಳ್ಳೋದು ಆಮೇಲಾಯ್ತು. ಮೊದ್ಲು ಆ ಬಿಸ್ಕತ್ತು ತಿನ್ನಮ್ಮ. ನೀನು ತಿನ್ನದೆ ನಾನು ಮುಟ್ಟಲ್ಲ."

"ಯಾಕೆ ಅಜ್ಜಿ?"

"ಅಜ್ಜಿ ಅಂತೀಯಾ? ಅರವತ್ತೊಂದಕ್ಕೇ! ಇರ್ಲಿ. ನಮ್ಮನೇಲಿ ಒಂದೇ ಪಾತ್ರೆ ಗಂಜಿ. ಗುಬ್ಬಿ ತಟ್ಟೆ ಖಾಲಿ ಆಗೋವರೆಗೂ ನಾನು ಕೈ ಹಾಕ್ತಿರ್ಲಿಲ್ಲ. ಇನ್ನೂ ಬೇಕು ಅಂದ್ರೆ ಎಲ್ಲಿಂದ ತರ್ಲಿ? ನನಗೆ ಸೀದಿದ್ದೇ ಇಷ್ಟ ಅಂತ ಹೇಳಿಟ್ಟಿದ್ದೆ. ಪೆದ್ದಿ, ನಂಬ್ಕೊಂಡಿದೆ."

ನಗು. ನಂತರ ವಿದ್ಯಾರ್ಥಿ ಕೇಳಿದಳು, "ಈಗಲೂ ಹಾಗೇನಾ?"

"ಅಭ್ಯಾಸ ಎಲ್ಲಿಗೆ ಹೋಗುತ್ತೆ? ಅವಳು ಉಂಡಿದ್ದು ಕಣ್ಣಾರೆ ನೋಡದೆ ನನಗೆ ತುತ್ತು ಇಳಿಯಲ್ಲ. ಸಾಕಾದ್ರೆ ನಂದನ್ನೂ ಅವಳ ಕಡೆ ಸರಿಸ್ತೀನಿ. ಅವಳು ಸಂಖ್ಯೆ ಎಣಿಸ್ತಾ ತಿಂತಾಳೆ, ಗಮನಿಸೋದೇ ಇಲ್ಲ."

ನಾನು ಹೆಡ್‌ಫೋನ್ ತೆಗೆಯಲಿಲ್ಲ. ನಲವತ್ತು ನಿಮಿಷವೂ ಕೂತೆ.

ಅಕ್ಕನಿಗೆ ಉಣಿಸಲು ಶುರುಮಾಡಿದಾಗಿನಿಂದ ನಾನು ಅವಳ ಪಕ್ಕದಲ್ಲಿ ಚಮಚ ಹಿಡಿದು ನಿಲ್ಲುತ್ತೇನೆ. ಅವಳದು ಮುಗಿದ ಮೇಲೆ ಅಡುಗೆಮನೆಯ ಸಿಂಕಿಗೆ ಒರಗಿ, ಉಳಿದದ್ದನ್ನು ನಿಂತೇ ತಿನ್ನುತ್ತೇನೆ. ನಾನು ಉಂಡದ್ದನ್ನು ಅಕ್ಕ ನೋಡಿ ತಿಂಗಳುಗಳಾಗಿದ್ದವು.

ಹೊರಡುವಾಗ ಗ್ರಂಥಪಾಲಕಿ ನನ್ನ ಮುಖ ನೋಡಿ ಗೇಟಿನವರೆಗೂ ತೋಳು ಹಿಡಿದು ಬಂದಳು.

ಮನೆಯಲ್ಲಿ ಕಂಡಕ್ಟರು ಎದ್ದುನಿಂತರು. "ನಿಮ್ಮಕ್ಕ ಮೂರು ಸಲ 'ನೀವ್ಯಾರು' ಅಂದ್ರು. ಮೂರು ಸಲವೂ ಬೇರೆ ಬೇರೆ ಹೇಳ್ದೆ. ಪಾಪ, ಕೇಳಿದ್ದೇ ಕೇಳಿ ಬೇಜಾರಾಗ್ಬಾರ್ದಲ್ಲ."

"ಏನಾದ್ರೂ ತಿಂದ್ಲಾ?"

"ಇಲ್ಲಕ್ಕ. ಬಾಳೆಹಣ್ಣು ಕೊಟ್ರೆ ವಾಪಸ್ ನನ್ನ ಕೈಗೇ ಇಟ್ರು."

ಅವರು ಹೋದ ಮೇಲೆ ಹೊಸದಾಗಿ ಗಂಜಿ ಮಾಡಿದೆ. ಎರಡು ತಟ್ಟೆಗೆ ಬಡಿಸಿ, ಅಕ್ಕನ ಎದುರು ಕುರ್ಚಿ ಎಳೆದುಕೊಂಡು ಕೂತೆ. ಅವಳ ಚಮಚ ಅವಳ ಪಕ್ಕದಲ್ಲೇ ಇಟ್ಟು ನನ್ನದನ್ನು ತಿನ್ನತೊಡಗಿದೆ. ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು, ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ. ನನ್ನ ತಟ್ಟೆ ಖಾಲಿಯಾಯಿತು. ಕಾಣುವ ಹಾಗೆ ಅದನ್ನು ಅವಳತ್ತ ವಾಲಿಸಿದೆ.

ಅಕ್ಕ ಚಮಚ ಎತ್ತಿಕೊಂಡಳು. ಒಂದು, ಎರಡು, ಮೂರು. ನಾನು ಎಣಿಸುವುದನ್ನು ನಿಲ್ಲಿಸಿದೆ.

ಅರ್ಧ ಮುಗಿದಾಗ ಅವಳು ಬಾಯೊರಸಿಕೊಂಡು, ಸದ್ದಿಲ್ಲದೆ, ಉಳಿದ ಗಂಜಿಯ ನೀಲಿ ತಟ್ಟೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದಳು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ.